ಮುಚ್ಚಳದೊಳಗಿನ ಚೇಳು

ಸಿದ್ಧೇಶ್ವರ ಡೀಸೆಲ್ಲಿನಲ್ಲಿ ಅದ್ದಿದ ಬ್ರಶ್ಶಿನಿಂದ ಇನ್ನೊಮ್ಮೆ ತಿಕ್ಕಿದ. ಚೇಳು ಅಳಿಯಲಿಲ್ಲ. ಕೊಂಡಿ, ಕಾಲುಗಳೆಲ್ಲ ಮೊದಲಿಗಿಂತ ಸ್ಪಷ್ಟವಾಗಿ ಎದ್ದು ಬಂದವು. ಅವನು ಬ್ರಶ್ಶನ್ನು ಕೆಳಗಿಟ್ಟು, ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡು ಅದರ ಮುಂದೆ ಕೂತ.

ಕೆಲಸವೇನೋ ಹೊಸದಲ್ಲ. ಹೆಡ್ ಗ್ಯಾಸ್ಕೆಟ್ ಹೋದ ಗಾಡಿಗಳು ಮಹಾಪೆಯ ಅವನ ಗ್ಯಾರೇಜಿಗೆ ಬರುತ್ತಲೇ ಇರುತ್ತವೆ. ಕೂಲಂಟೂ ಆಯಿಲೂ ಒಂದರೊಳಗೊಂದು ಬೆರೆತು ಇಂಜಿನ್ನಿನ ತುಂಬ ಕೆಟ್ಟ ಮಜ್ಜಿಗೆಯಂಥ ರಾಡಿ ಕಟ್ಟಿಕೊಂಡಿರುತ್ತದೆ. ಬಿಚ್ಚಬೇಕು, ಕೆರೆಯಬೇಕು, ತೊಳೆಯಬೇಕು; ಬೇರೆ ದಾರಿಯಿಲ್ಲ. ಈ ಕಾರಿನದೂ ಹಾಗೆಯೇ ಬಿಚ್ಚಿ, ಹೆಡ್ಡಿನ ಮೇಲೆ ಕೂರುವ ಅಲ್ಯುಮಿನಿಯಂ ಮುಚ್ಚಳವನ್ನು ಮಗುಚಿ ರಾಡಿ ತೆಗೆದಿದ್ದ. ಒಳಮೈಯಲ್ಲಿ ಚೇಳು ಕಂಡಿತು. ಯಾರೋ ಪಂಚಿನಿಂದ ಚುಕ್ಕೆ ಚುಕ್ಕೆಯಾಗಿ ಕುಟ್ಟಿದ್ದರು.

ಯಾರೋ ಏನು ಬಂತು, ಅದು ಅವನ ತಮ್ಮ ಸೋಮಣ್ಣನ ಗುರುತು. ಅಜ್ಜಿಯ ಮುಂಗೈ ಮೇಲಿದ್ದ ಹಚ್ಚೆಯ ಚೇಳನ್ನು ಅವನು ತಾನು ಬಿಚ್ಚಿ ಕೂಡಿಸಿದ ಇಂಜಿನ್ನುಗಳ ಒಳಗೆಲ್ಲ, ಯಾರ ಕಣ್ಣಿಗೂ ಬೀಳದ ಕಡೆ ಕುಟ್ಟಿಡುತ್ತಿದ್ದ. ಎಡಗಡೆ ಒಂದು ಕಾಲನ್ನು ಬೇಕೆಂದೇ ಬಿಡುತ್ತಿದ್ದ. "ಪೂರಾ ಮಾಡಿದ್ರ ಎದ್ದು ಓಡಿ ಹೋಗತೈತಿ" ಎಂದು ನಗುತ್ತಿದ್ದ. ಈ ಚೇಳಿಗೂ ಎಡಗಡೆ ಒಂದು ಕಾಲಿರಲಿಲ್ಲ.

ಆದರೆ ಸೋಮಣ್ಣ ಉಲ್ಹಾಸ ನದಿಯ ಮಹಾಪೂರದಲ್ಲಿ ಸತ್ತು ಆರು ವರ್ಷವಾಗಿತ್ತು. ಈ ಕಾರು ಕಾರ್ಖಾನೆಯಿಂದ ಹೊರಬಿದ್ದೇ ನಾಲ್ಕು ವರ್ಷ. ಸತ್ತವನು ಎದ್ದು ಬಂದು ಬೋಲ್ಟು ಬಿಗಿಯುವುದುಂಟೇ.

ಸಿದ್ಧೇಶ್ವರ ಕಾರಿನ ಮಾಲೀಕ ಚಿನ್ಮಯ್‌ಗೆ ಫೋನ್ ಹಚ್ಚಿದ. ಬೆಂಗಳೂರಿನವನು, ಇಲ್ಲೇ ಮಹಾಪೆಯ ಐಟಿ ಪಾರ್ಕಿನಲ್ಲಿ ಕೆಲಸ.

"ಸಾಹೇಬ್ರ, ಈ ಇಂಜಿನ್ನು ಮದ್ಲ ಯಾರು ಬಿಚ್ಚಿದ್ರು?"

"ನಂಗೊತ್ತಿಲ್ಲ, ನಾನು ಸೆಕೆಂಡ್ ಹ್ಯಾಂಡ್ ತಗೊಂಡಿದ್ದು. ಹಳೇ ಓನರ್ ಖೋಪೋಲಿ ಹತ್ರ ಯಾವ್ದೋ ಗ್ಯಾರೇಜಲ್ಲಿ ಮಾಡಿಸಿದ್ರಂತೆ, ಹೋದ್ವರ್ಷ. ಒಬ್ನೇ ಮೆಕ್ಯಾನಿಕ್ಕಂತೆ. ಆಮೇಲೆ ಹುಡುಕ್ಕೊಂಡು ಹೋದ್ರೆ ಆ ಜಾಗದಲ್ಲಿ ಗ್ಯಾರೇಜೇ ಇರ್ಲಿಲ್ವಂತೆ. ಯಾಕೆ, ಏನಾದ್ರೂ ಪ್ರಾಬ್ಲಮ್ಮಾ?"

"ಏನಿಲ್ರಿ" ಎಂದು ಫೋನಿಟ್ಟ.

ಏನಿಲ್ಲ ಎನ್ನುವುದಕ್ಕೆ ಬರುವ ಸೋಮವಾರ ಬಿಡಬೇಕಲ್ಲ. ಅಂದು ಸೋಮಣ್ಣನ ಹೆಂಡತಿ ನೀಲಗಂಗಾಳಿಗೆ ಕಲ್ಯಾಣದ ಬಟ್ಟೆ ವ್ಯಾಪಾರಿಯೊಬ್ಬನ ಜೊತೆ ಮದುವೆ. ಮಂದಿಯ ಬಾಯಿ ಮುಚ್ಚಿಸಿ, ತಾಯಿಯ ಕೈಕಾಲು ಹಿಡಿದು ಒಪ್ಪಿಸಿ ಆ ಸಂಬಂಧ ಕೂಡಿಸಿದವನು ಸಿದ್ಧೇಶ್ವರನೇ. ಪೂರ ಇಳಿದ ಮೇಲೆ ಸಿಕ್ಕ ಹೆಣದ ಮುಖ ಗುರುತು ಹತ್ತದಷ್ಟು ಬಾತಿದ್ದರೂ, ಅಂಗಿ ನೋಡಿ ನನ್ನ ತಮ್ಮನೇ ಎಂದವನೂ ಅವನೇ. ಈಗ ಬಾಯಿ ಬಿಟ್ಟರೆ ಮದುವೆ ನಿಲ್ಲುತ್ತದೆ. ಬಿಡದಿದ್ದರೆ, ಗಂಡ ಬದುಕಿರುವವಳನ್ನು ಇನ್ನೊಬ್ಬನಿಗೆ ಕೊಟ್ಟಂತಾಗುತ್ತದೆ. ತಮ್ಮ ಇದ್ದಾನು ಎನ್ನುವ ಸಂತೋಷ ಒಂದು ತೊಟ್ಟೂ ಹುಟ್ಟದೆ ಬರೀ ಹೆದರಿಕೆಯಾಗುತ್ತಿರುವುದಕ್ಕೆ ಅವನಿಗೆ ತನ್ನ ಮೇಲೆಯೇ ಹೇಸಿಕೆಯಾಯಿತು.

ಅಷ್ಟರಲ್ಲಿ ನೀಲಗಂಗಾ ಡಬ್ಬಿ ಹಿಡಿದು ಬಂದಳು. ಅವಳ ಆಫೀಸು ಹಿಂದಿನ ಗಲ್ಲಿಯಲ್ಲಿ. ಠಾಕುರ್ಲಿಯ ಮನೆಯಿಂದ ಇಬ್ಬರ ಊಟವನ್ನೂ ಅವಳೇ ತರುವುದು ರೂಢಿ. ಸಿದ್ಧೇಶ್ವರ ಗಡಬಡಿಸಿ ಮುಚ್ಚಳದ ಮೇಲೊಂದು ಅರಿವೆ ಎಳೆದ.

"ಭಾವಾರ, ಏನ್ರಿ ಅದು?"

"ಏನಿಲ್ಲ ತಂಗಿ. ಹೊಲಸೈತಿ, ಮುಟ್ಟಬ್ಯಾಡ."

ಅವಳು ಮುಟ್ಟಿದಳು. ಅರಿವೆ ಸರಿಸಿ, ಬಾಗಿ, ಬಹಳ ಹೊತ್ತು ನೋಡಿದಳು. ಆಮೇಲೆ ಕಾರಿನ ನಂಬರ್ ಪ್ಲೇಟಿನ ಕಡೆ ನೋಡಿದಳು. ಅಳಲಿಲ್ಲ, ಚೀರಲಿಲ್ಲ.

"ಹೊಸಾ ಗಾಡಿ" ಎಂದಳು.

"ಹೂಂ."

"ಅವರ ಬಲಗಾಲಿನ ಮ್ಯಾಲ ಜಾಕ್ ಬಿದ್ದು ಹೆಬ್ಬೆರಳಿನ ಉಗುರು ಹೋಗಿತ್ತಲ್ರಿ, ಮತ್ತ ಬರಲೇ ಇಲ್ಲ. ಅವತ್ತ ಹೆಣದ ಕಾಲಿಗೆ ನೀರು ಹಾಕೂ ಮುಂದ ನೋಡಿದ್ನಿ, ಉಗುರೆಲ್ಲಾ ಇದ್ದುವು. ಅಂಗಿ ಅವರದ, ಯಾರಿಗೆ ಕೊಟ್ಟಿದ್ರೋ ಏನೋ. ಕಾಲು ಅವರದಲ್ಲ."

ಸಿದ್ಧೇಶ್ವರ ಎದ್ದು ನಿಂತ. "ಮತ್ತ ಯಾಕವ್ವಾ ಹೇಳಲಿಲ್ಲ?"

"ಬರ್ತಾರಂತ ಕಾದ್ನಿ. ಬರೂದಿದ್ರ ಠಾಕುರ್ಲಿ ದಾರಿ ಗೊತ್ತಿಲ್ಲೇನ್ರಿ ಅವರಿಗೆ?"

ಹೊರಗೆ ಯಾವುದೋ ಟ್ರಕ್ಕು ಹಿಂದಕ್ಕೆ ಬರುತ್ತ ಪೀಪೀ ಎನ್ನುತ್ತಿತ್ತು. ಅದು ನಿಂತ ಮೇಲೆ ಸಿದ್ಧೇಶ್ವರ ಕೇಳಿದ.

"ಹಂಗಾರ ನಾವು ಮಣ್ಣು ಮಾಡಿದ್ದು ಯಾರನ್ನ?"

"ಗೊತ್ತಿಲ್ರಿ. ವರ್ಷಾ ಹೂವು ಏರಸಾಕ ಹೋಗ್ತೀನಲ್ಲ, ಅದು ಆ ಗುರುತಿಲ್ಲದವರಿಗೇ. ಪಾಪ, ಅವರ ಮನ್ಯಾಗ ಇನ್ನೂ ದಾರಿ ಕಾಯ್ತಿರಬೇಕು."

ಡಬ್ಬಿಯನ್ನು ಸ್ಟೂಲಿನ ಮೇಲಿಟ್ಟು, ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು. ಕಟ್ಟೆಯ ಮೇಲಿದ್ದ ಎಮರಿ ಪೇಪರನ್ನು ಎರಡು ಮಡಿಕೆ ಮಾಡಿ, ಮುಚ್ಚಳದ ಮುಂದೆ ಕೂತು ಚೇಳಿನ ಮೇಲೆ ತಿಕ್ಕತೊಡಗಿದಳು. ಚುಕ್ಕೆಗಳು ಆಳವಾಗಿದ್ದವು, ಬೇಗ ಹೋಗುವಂತಿರಲಿಲ್ಲ. ಡೀಸೆಲ್ಲಿನಲ್ಲಿ ನೆನೆದ ಮುಚ್ಚಳ ಅವಳ ಕೈಯಿಂದ ಮತ್ತೆ ಮತ್ತೆ ಜಾರಿತು.

ಸಿದ್ಧೇಶ್ವರ ಎದುರಿಗೆ ಕೂತು, ಅದು ಅಲುಗಾಡದ ಹಾಗೆ ಎರಡೂ ಕೈಯಿಂದ ಹಿಡಿದುಕೊಂಡ.