ಒಲೆ ಆರಿಸಿದ ಸಾಕ್ಷಿ

ಕರಿಕೋಟಿನವನು ಕನ್ನಡಕ ತೆಗೆದು ಕೈಯಲ್ಲಿ ಹಿಡಿದನೆಂದರೆ ನಮ್ಮ ಮನೆಯಲ್ಲಿ ಯಾರೂ ಏಳುವಂತಿಲ್ಲ. ಫೋನ್ ಬಂದರೂ ಇಲ್ಲ, ಬಾಗಿಲು ತಟ್ಟಿದರೂ ಇಲ್ಲ. ಅದು ಹಳೆಯ ಕಪ್ಪುಬಿಳುಪು ಧಾರಾವಾಹಿ. ಅತ್ತೆ ಹೊಸದಾಗಿ ಮದುವೆಯಾಗಿದ್ದಾಗ ಬರುತ್ತಿದ್ದದ್ದನ್ನು ಈಗ ಮತ್ತೆ ಪ್ರತಿ ಸಂಜೆ ಹಾಕುತ್ತಿದ್ದಾರೆ. ಕಂತಿಗೊಂದು ಕೊಲೆ, ಸುಳ್ಳು ಆರೋಪ ಹೊತ್ತ ಒಬ್ಬ ನಿರಪರಾಧಿ, ಆಮೇಲೆ ಕೋರ್ಟು. ಕೊನೆಗೆ ವಕೀಲ ಕನ್ನಡಕ ತೆಗೆದು ಒಂದು ಸಣ್ಣ ಪ್ರಶ್ನೆ ಕೇಳುತ್ತಾನೆ. ಗಡಿಯಾರಕ್ಕೆ ಕೀಲಿ ಕೊಟ್ಟವರು ಯಾರು? ಛತ್ರಿ ಯಾಕೆ ಒದ್ದೆಯಾಗಿರಲಿಲ್ಲ? ಅಷ್ಟಕ್ಕೇ ಹಿಂದಿನ ಬೆಂಚಿನಲ್ಲಿದ್ದ ಯಾರೋ ಎದ್ದು ನಿಂತು "ಹೌದು, ನಾನೇ!" ಎಂದು ಬಾಯಿಬಿಡುತ್ತಾರೆ. ಧಾರಾವಾಹಿಯಲ್ಲಿ ಆ ವಕೀಲನಿಗೊಂದು ಹೆಸರಿದೆ. ನಮ್ಮ ಮನೆಯಲ್ಲಿ ಅದನ್ನು ಯಾರೂ ಬಳಸುವುದಿಲ್ಲ.

ಕೊನೆಯ ಜಾಹೀರಾತಿಗೆ ಮೊದಲು ಎಲ್ಲರೂ ಕೊಲೆಗಾರ ಯಾರೆಂದು ಹೇಳಿಬಿಡಬೇಕು ಎಂಬುದು ಮನೆಯ ಕಾನೂನು. ನನ್ನ ಗಂಡ ಯಾವಾಗಲೂ ಕಂತಿನಲ್ಲಿ ಎಲ್ಲರಿಗಿಂತ ಚೆಂದವಾಗಿರುವ ಹೆಂಗಸಿನ ಮೇಲೆ ಹೊರಿಸುತ್ತಾರೆ. ನಾನು ಎರಡು ಹೆಸರು ಹೇಳುತ್ತೇನೆ, ಆಮೇಲೆ ಎರಡನ್ನೂ ವಾಪಸು ತೆಗೆದುಕೊಳ್ಳುತ್ತೇನೆ. ಕೆಳಮನೆಯ ಟೈಲರ್ ಅಂಗಿಗೆ ಗುಂಡಿ ಹಚ್ಚುತ್ತಾ ಕೂತಿರುತ್ತಾಳೆ, ಯಾರ ಹೆಸರನ್ನೂ ಹೇಳುವುದಿಲ್ಲ. "ಪಾಪ, ಅವನು ಮಾಡಿರಲ್ಲ ಬಿಡಿ" ಎನ್ನುತ್ತಾಳೆ, ಎಲ್ಲರ ಬಗ್ಗೆಯೂ. ಅತ್ತೆ ಮಾತ್ರ ಬೆರಳು ತೋರಿಸಿ ಹೇಳುತ್ತಾರೆ, ಹೇಳಿದ್ದು ಸರಿಯಾಗಿರುತ್ತದೆ. "ಮುಖ ನೋಡಬಾರದು ಕಣೇ," ಎಂದು ನನಗೆ ಬುದ್ಧಿ ಹೇಳುತ್ತಾರೆ. "ಸಾಮಾನು ನೋಡ್ಬೇಕು. ಮನುಷ್ಯರು ಬಾಯಿ ಮುಚ್ಕೊಂಡಿರ್ತಾರೆ, ಸಾಮಾನು ಹಾಗಿರಲ್ಲ."

ಟೈಲರಳ ಗಂಡ ಬೇಕರಿಯ ವ್ಯಾನ್ ಓಡಿಸುತ್ತಾನೆ. ಅವನು ಮೇಲೆ ಬಂದು ಕೂತವನಲ್ಲ. ಮೆಟ್ಟಿಲಲ್ಲಿ ಎದುರಾದರೆ ಗೋಡೆಗೆ ಸರಿದು ದಾರಿ ಬಿಡುವಂಥ ಮನುಷ್ಯ. ನಮ್ಮ ಅಡುಗೆಮನೆಯ ಕಿಟಕಿಯ ಕೆಳಗಿನ ಸಿಗ್ನಲ್‌ನಲ್ಲಿ ಅವನ ವ್ಯಾನು ಒಬ್ಬ ಮುದುಕರ ಸೈಕಲ್ಲಿಗೆ ಬಡಿಯಿತು. ಮುದುಕರು ನಿವೃತ್ತ ಪೋಸ್ಟ್‌ಮ್ಯಾನ್. ಅವರ ತೊಡೆಯ ಮೂಳೆ ಮುರಿಯಿತು. ನನಗೆ ಹಸಿರು ದೀಪ ಇತ್ತು ಎಂದು ಡ್ರೈವರ್. ಇಲ್ಲ, ಅವನಿಗೆ ಇನ್ನೂ ಕೆಂಪು ಇತ್ತು, ನಾನು ನನ್ನ ಹಸಿರಿನಲ್ಲಿ ದಾಟುತ್ತಿದ್ದೆ ಎಂದು ಮುದುಕರು. ಬೇರೆ ಯಾರೂ ನೋಡಿರಲಿಲ್ಲ. ನಾನು ಕಿಟಕಿಯಲ್ಲಿದ್ದೆ.

ನಾನು ಕಿಟಕಿಯಲ್ಲಿರುತ್ತೇನೆಂಬುದು ಎಲ್ಲರಿಗೂ ಗೊತ್ತಿರುವ ವಿಷಯ. ಹೊರಗೆ ಹೋದವರು ಮನೆ ಸೇರುವ ತನಕ ನನಗೆ ಕೂತಲ್ಲಿ ಕೂರಲು ಆಗುವುದಿಲ್ಲ. ಹಾಗಾಗಿ ಪೊಲೀಸರು ನೇರವಾಗಿ ನಮ್ಮ ಮನೆಗೇ ಬಂದರು. ಸಿಗ್ನಲ್ ಯಾವ ಬಣ್ಣ ಇತ್ತು ಎಂದು ಕೇಳಿದರು. ಬೇಕರಿ ವ್ಯಾನಿನ ಕಡೆಗೆ ಹಸಿರು ಇತ್ತು ಎಂದೆ. ನಾನು ನೋಡಿದ್ದು ಹಸಿರೇ. ಟೈಲರ್ ನನ್ನ ಎರಡೂ ಕೈ ಹಿಡಿದುಕೊಂಡಳು. ತಪ್ಪು ಗಂಡನದೆಂದು ತೀರ್ಮಾನವಾದರೆ ಅವನ ಲೈಸೆನ್ಸ್ ಹೋಗುತ್ತದೆ, ಬೇಕರಿಯವರು ಇಟ್ಟುಕೊಳ್ಳುವುದಿಲ್ಲ, ಹೊಲಿಗೆಯೊಂದರಿಂದ ಸಂಸಾರ ನಡೆಯುವುದಿಲ್ಲ. ಇದನ್ನು ಅವಳು ಬಾಯಿಬಿಟ್ಟು ಹೇಳಲಿಲ್ಲ. ಹೇಳದೆಯೂ ನನಗೆ ಗೊತ್ತಿತ್ತು.

ಕೋರ್ಟಿನಿಂದ ಸಮನ್ಸ್ ಬಂದ ದಿನ ಅತ್ತೆ ಟೀವಿಯ ಸದ್ದು ತಗ್ಗಿಸಿದರು.

"ಎದ್ದು ನಿಂತ್ಕೋ," ಎಂದರು ನನಗೆ.

"ಯಾಕೆ ಅತ್ತೆ?"

"ಸಾಕ್ಷಿ ಕೂತ್ಕೊಂಡು ಹೇಳ್ತಾರೇನೇ? ಆ ಕುರ್ಚಿ ಬೆನ್ನು ಹಿಡ್ಕೋ. ಅದೇ ಕಟಕಟೆ."

"ಅಮ್ಮ, ಕೋಟು ಬೇಕಾ? ನಂದು ಕರೀದಿದೆ," ಎಂದರು ನನ್ನ ಗಂಡ.

"ನೀನು ಸುಮ್ನಿರು. ನಿನ್ನನ್ನ ಸಾಕ್ಷಿಗೆ ಕರೆದಿದ್ರೆ ಪೋಸ್ಟ್‌ಮ್ಯಾನ್ ಹೆಂಡ್ತೀನೇ ವ್ಯಾನ್ ಓಡಿಸ್ತಿದ್ಲು ಅಂತಿದ್ದೆ."

ಎಲ್ಲರೂ ನಕ್ಕೆವು, ಟೈಲರ್ ಕೂಡ. ಅತ್ತೆ ಕನ್ನಡಕ ತೆಗೆದು ಸೆರಗಿನಿಂದ ಒರೆಸಿದರು.

"ಆ ಹೊತ್ತಿನಲ್ಲಿ ನೀವು ಅಡುಗೆಮನೇಲಿ ಏನು ಮಾಡ್ತಿದ್ರಿ?"

"ಹಾಲು ಕಾಯೋಕಿಟ್ಟಿದ್ದೆ."

"ಹಾಲು ಒಲೆ ಮೇಲಿತ್ತು. ನೀವು ಹಾಲು ನೋಡ್ತಿದ್ರೋ, ರಸ್ತೆ ನೋಡ್ತಿದ್ರೋ?"

ನಾನು ಅಡುಗೆಮನೆಯ ಕಡೆ ತಿರುಗಿ ನೋಡಿದೆ. ಟೈಲರಳ ಕೈಯ ಸೂಜಿ ನಿಂತಿತು.

"ನೋಡಿದ್ಯಾ, ಇಲ್ಲೇ ಕೆಡಿಸ್ತಾರೆ," ಎಂದರು ಅತ್ತೆ ತಮ್ಮ ದನಿಗೆ ವಾಪಸಾಗಿ. "ಕರಿಕೋಟಿನವನು ಮೊದ್ಲು ಹಿಡಿಯೋದೇ ಇದನ್ನ. ಒಲೆ ಆರಿಸಿ ಕಿಟಕಿ ಹತ್ರ ಬಂದೆ ಅನ್ನು. ಮುಗೀತು."

"ಆರಿಸಿದ್ನಾ ನಾನು?"

"ಆರಿಸ್ದೆ ಬಿಟ್ಟು ಬರ್ತೀಯಾ ನೀನು? ನೀನು? ಗ್ಯಾಸು ನೋಡೋಕೆ ಬಸ್ ಸ್ಟಾಪಿಂದ ವಾಪಸ್ ಬರೋಳು!"

ಅದು ನಿಜ. ಬಸ್ ಸ್ಟಾಪಿನಿಂದ ಅಷ್ಟೇ ಅಲ್ಲ, ಒಮ್ಮೆ ಬಸ್ಸಿನಿಂದಲೂ ಇಳಿದು ಬಂದಿದ್ದೇನೆ. ಇಂಥ ನಾನು ಒಲೆ ಆರಿಸದೆ ಇರುತ್ತೇನೆಯೇ? "ಒಲೆ ಆರಿಸಿ ಕಿಟಕಿ ಹತ್ರ ಬಂದೆ," ಎಂದೆ.

"ಹಾಂ. ಈಗ ಜೋರಾಗಿ ಹೇಳು."

ಅಂದಿನಿಂದ ಧಾರಾವಾಹಿ ಮುಗಿದ ಮೇಲೆ ನಮ್ಮದು ಶುರುವಾಗುತ್ತಿತ್ತು. ಅತ್ತೆ ಪೋಸ್ಟ್‌ಮ್ಯಾನ್ ಕಡೆಯ ವಕೀಲರು, ನನ್ನ ಗಂಡ ನ್ಯಾಯಾಧೀಶರು. ಅವರು ಲಟ್ಟಣಿಗೆಯಿಂದ ಮೇಜು ಕುಟ್ಟಿ ಒಂದು ಮೂಲೆಯ ಬಣ್ಣವನ್ನೇ ಎಬ್ಬಿಸಿದರು. ನಾನು ಕುರ್ಚಿಯ ಬೆನ್ನು ಹಿಡಿದು ಹೇಳುತ್ತಿದ್ದೆ: ಹಾಲು ಕಾಯಿತು, ಒಲೆ ಆರಿಸಿದೆ, ಕಿಟಕಿಗೆ ಬಂದೆ, ಸಿಗ್ನಲ್ ನೋಡಿದೆ, ಹಸಿರಿತ್ತು, ವ್ಯಾನ್ ಹೊರಟಿತು, ಸೈಕಲ್ ಅಡ್ಡ ಬಂತು, ಬ್ರೇಕಿನ ಸದ್ದಾಯಿತು. ಮೊದಮೊದಲು ಅಲ್ಲಲ್ಲಿ ತಡವರಿಸುತ್ತಿದ್ದೆ. ಆಮೇಲೆ ಮಗ್ಗಿಯಂತೆ ಬಂತು. ಹೇಳುತ್ತಾ ಹೇಳುತ್ತಾ ನನಗೆ ಕಾಣಿಸತೊಡಗಿತು: ನನ್ನ ಕೈ, ಒಲೆಯ ನಾಬ್, ಅದು ತಿರುಗಿದಾಗಿನ ಟಕ್ ಎಂಬ ಸದ್ದು. ಆ ಸದ್ದು ಅಷ್ಟು ಸ್ಪಷ್ಟವಾಗಿತ್ತು. ಅದನ್ನು ನೆನೆದರೆ ಜೀವಕ್ಕೆ ಸಮಾಧಾನ, ನಾನು ಕೇಳಿಯೇ ಇದ್ದೇನೆ ಎಂದು.

ಆದರೂ ಪಾತ್ರೆ ತೊಳೆಯುವಾಗ, ದಿಂಬಿನ ಕವರ್ ಬದಲಿಸುವಾಗ, ಏನೋ ಒಂದು ಕಾಲಿಗೆ ತೊಡರಿದಂತಾಗಿ ನಿಲ್ಲುತ್ತಿದ್ದೆ. ಕಿಟಕಿಯಲ್ಲಿ ನಿಂತು ಸಿಗ್ನಲ್ ಬದಲಾಗುವುದನ್ನು ನೋಡುತ್ತಿದ್ದೆ. ಕೆಂಪು, ಹಸಿರು. ಎರಡರ ನಡುವೆ ಒಂದು ಉಸಿರು ಎಳೆದುಕೊಳ್ಳುವಷ್ಟು ಹೊತ್ತು.

"ಎಷ್ಟು ಸಲ ಅದನ್ನೇ ನೋಡ್ತೀಯ? ಅದೇನು ಓಡಿಹೋಗುತ್ತಾ?" ಎಂದರು ನನ್ನ ಗಂಡ.

ಸಾಕ್ಷಿ ಹೇಳಬೇಕಾದ ದಿನ ಬೆಳಿಗ್ಗೆ ಟೈಲರ್ ಮತ್ತು ಅವಳ ಗಂಡ ನಮ್ಮ ಮನೆಯಿಂದಲೇ ಹೊರಡುವುದೆಂದಾಗಿತ್ತು. ಐದು ಜನಕ್ಕೆ ಹಾಲು ಕಾಯಿಸಬೇಕು. ಚಿಕ್ಕ ಪಾತ್ರೆ ಸಾಲದು. ಅಪಘಾತದ ದಿನ ಹಾಲಿಟ್ಟಿದ್ದ ದಪ್ಪ ತಳದ ದೊಡ್ಡ ಪಾತ್ರೆ ತೂತಾಗಿದೆ, ಗುಜರಿಯವನಿಗೆ ಹಾಕಿದೆ ಎಂದು ಅತ್ತೆ ಹೇಳಿದ್ದರು. ಬೇರೆ ಯಾವುದಾದರೂ ಇದೆಯೇ ಎಂದು ಸ್ಟೂಲ್ ಹತ್ತಿ ಮೇಲಿನ ಅಟ್ಟಣಿಗೆಯಲ್ಲಿ ತಡಕಿದೆ. ಖಾಲಿ ಹಿಟ್ಟಿನ ಡಬ್ಬಗಳ ಹಿಂದೆ, ಹಳೆಯ ಟವೆಲಿನಲ್ಲಿ ಸುತ್ತಿ, ಆ ದೊಡ್ಡ ಪಾತ್ರೆಯೇ ಕೂತಿತ್ತು.

ತೂತು ಇರಲಿಲ್ಲ. ತಳ ಕಪ್ಪಾಗಿತ್ತು. ಯಾರೋ ಉಜ್ಜಿ ಉಜ್ಜಿ ಸೋತಿದ್ದರು. ಮೂಗಿನ ಹತ್ತಿರ ತಂದೆ. ಸೀದ ಹಾಲಿನ ವಾಸನೆ ಇನ್ನೂ ಸಣ್ಣಗೆ ಇತ್ತು.

ಸ್ಟೂಲಿನ ಮೇಲೆಯೇ ನಿಂತಿದ್ದೆ. ಒಲೆ ಆರಿಸಿದ್ದರೆ ಹಾಲು ಹೇಗೆ ಸೀಯುತ್ತದೆ? ಹಾಲು ಉಕ್ಕಿ, ಬತ್ತಿ, ತಳ ಹಿಡಿಯುವ ತನಕ ನಾನು ಕಿಟಕಿಯಲ್ಲಿ ನಿಂತಿದ್ದೆ. ಅದಕ್ಕೆ ಮುಂಚೆ ನಾನು ಹಾಲು ನೋಡುತ್ತಿದ್ದೆ. ಬ್ರೇಕಿನ ಸದ್ದು ಕೇಳಿತು. ಎಲ್ಲವನ್ನೂ ಬಿಟ್ಟು ಕಿಟಕಿಗೆ ಓಡಿದೆ. ಕೆಳಗೆ ಬಿದ್ದ ಸೈಕಲ್ಲಿನ ಚಕ್ರ ತಿರುಗುತ್ತಿತ್ತು. ಆಮೇಲೆ ತಲೆ ಎತ್ತಿ ಸಿಗ್ನಲ್ ನೋಡಿದೆ. ಆಗ ಹಸಿರಿತ್ತು.

ಆಗ.

ಪಾತ್ರೆಯನ್ನು ಟವೆಲಿನಲ್ಲಿ ಸುತ್ತಿ ಇದ್ದಲ್ಲೇ ಇಟ್ಟೆ. ಹಾಲನ್ನು ಎರಡು ಸಲ ಚಿಕ್ಕ ಪಾತ್ರೆಯಲ್ಲಿ ಕಾಯಿಸಿದೆ. ಎರಡು ಸಲವೂ ಒಲೆ ಆರಿದೆಯೇ ಎಂದು ಮುಟ್ಟಿ ಮುಟ್ಟಿ ನೋಡಿದೆ. ಹೊರಡುವಾಗ ಅತ್ತೆ ಬಾಗಿಲಲ್ಲಿ ನಿಂತು, "ಒಲೆ ಆರಿಸಿದೆ ಅನ್ನೋದನ್ನ ಮರೀಬೇಡ," ಎಂದರು. ನಾನು ಅವರ ಮುಖ ನೋಡಿದೆ. ಮುಖದಲ್ಲಿ ಏನೂ ಇರಲಿಲ್ಲ.

ಕೋರ್ಟು ಕೋರ್ಟಿನಂತಿರಲಿಲ್ಲ. ನಮ್ಮ ಬ್ಯಾಂಕಿನ ಹಿಂದಿನ ಕೋಣೆಯಂತಿತ್ತು. ಫೈಲುಗಳ ಕಪಾಟು, ಗೊರಗೊರ ಎನ್ನುವ ಫ್ಯಾನು, ಕಾಲು ಅಲ್ಲಾಡುವ ಬೆಂಚು. ನ್ಯಾಯಾಧೀಶರಿಗೆ ನೆಗಡಿಯಾಗಿತ್ತು. ಪೋಸ್ಟ್‌ಮ್ಯಾನ್ ಊರುಗೋಲುಗಳನ್ನು ಗೋಡೆಗೆ ಒರಗಿಸಿ ಕೂತಿದ್ದರು. ಒಂದು ಊರುಗೋಲು ಜಾರಿ ಬಿತ್ತು. ಅದನ್ನು ಎತ್ತಿಕೊಟ್ಟವನು ಡ್ರೈವರ್. ಇಬ್ಬರೂ ಮುಖ ನೋಡಿಕೊಳ್ಳಲಿಲ್ಲ.

ನನ್ನನ್ನು ಕರೆದರು. ಕಿಟಕಿಯಿಂದ ಸಿಗ್ನಲ್ ಎಷ್ಟು ದೂರ, ನಡುವೆ ಮರ ಇದೆಯಾ, ಕನ್ನಡಕ ಹಾಕ್ತೀರಾ ಎಂದೆಲ್ಲ ಕೇಳಿದರು. ನಮ್ಮ ಮನೆಯ ಪ್ರಶ್ನೆಗಳಲ್ಲಿ ಒಂದೂ ಬರಲಿಲ್ಲ. ಹಾಲಿನ ಬಗ್ಗೆ ಯಾರೂ ಕೇಳಲಿಲ್ಲ.

"ವ್ಯಾನಿನ ಕಡೆಗೆ ಯಾವ ದೀಪ ಇತ್ತು?"

"ಹಸಿರು."

ಟೈಪಿಸ್ಟ್ ಕುಟ್ಟಿದಳು. ವಕೀಲರು ಕಾಗದ ಮಡಚತೊಡಗಿದರು. ಅಷ್ಟೇ, ನಾನು ಇಳಿದು ಹೋಗಬಹುದಿತ್ತು. ಸುಳ್ಳೂ ಹೇಳಿದಂತಾಗುತ್ತಿರಲಿಲ್ಲ. ಕಟಕಟೆಯ ಮರದ ಪಟ್ಟಿಯನ್ನು ಹಿಡಿದ ನನ್ನ ಕೈ ಬಿಡಲಿಲ್ಲ.

"ಆದ್ರೆ ನಾನು ನೋಡಿದ್ದು ಬ್ರೇಕಿನ ಸದ್ದು ಕೇಳಿದ ಮೇಲೆ," ಎಂದೆ. "ಅದಕ್ಕೆ ಮುಂಚೆ ಯಾವುದಿತ್ತೋ ನನಗೆ ಗೊತ್ತಿಲ್ಲ. ಅದಕ್ಕೆ ಮುಂಚೆ ನಾನು ಒಲೆ ಮುಂದೆ ಇದ್ದೆ."

ಡ್ರೈವರ್ ಕಡೆಯ ವಕೀಲರು ಎದ್ದರು. "ಪೊಲೀಸರಿಗೆ ಹಸಿರು ಅಂತ ಮಾತ್ರ ಹೇಳಿದ್ರಿ."

"ಅವರು ಯಾವ ಬಣ್ಣ ಅಂತ ಕೇಳಿದ್ರು. ಯಾವಾಗ ನೋಡಿದ್ರಿ ಅಂತ ಕೇಳ್ಲಿಲ್ಲ. ನಾನೇ ಹೇಳ್ಬೇಕಿತ್ತು."

ಹಿಂದಿನ ಬೆಂಚಿನಿಂದ ಯಾರೂ ಏಳಲಿಲ್ಲ. ನ್ಯಾಯಾಧೀಶರು ಸೀನಿ, ಮುಂದಿನ ತಾರೀಖು ಕೊಟ್ಟರು. ವಾಪಸು ಬರುವಾಗ ಬಸ್ಸಿನಲ್ಲಿ ಟೈಲರ್ ನನ್ನ ಪಕ್ಕ ಖಾಲಿ ಸೀಟಿದ್ದರೂ ಕಂಬ ಹಿಡಿದು ನಿಂತಳು. ಅವಳ ಗಂಡ ಇನ್ನೂ ಮುಂದೆ ಹೋಗಿ ನಿಂತ.

ಸಂಜೆ ಧಾರಾವಾಹಿ ಶುರುವಾಯಿತು. ಟೈಲರಳ ಕುರ್ಚಿ ಖಾಲಿ ಇತ್ತು, ಅದರ ಮೇಲೆ ಅವಳು ಹಿಂದಿನ ದಿನ ಬಿಟ್ಟುಹೋದ ಗುಂಡಿಗಳ ಡಬ್ಬಿ. ನಮ್ಮ ಮನೆಯ ನ್ಯಾಯಾಧೀಶರು, ನನ್ನ ಗಂಡ, ಸಪ್ಪಗೆ ಕಡಲೆಬೀಜ ಬಿಡಿಸುತ್ತಿದ್ದರು.

"ಹಾಲಿನ ವಿಷ್ಯ ಎತ್ತಿದ್ರಾ?" ಎಂದು ಅತ್ತೆ ಟೀವಿಯಿಂದ ಕಣ್ಣು ತೆಗೆಯದೆ ಕೇಳಿದರು.

"ಯಾರೂ ಎತ್ತಲಿಲ್ಲ. ನಾನೇ ಹೇಳ್ದೆ. ಅತ್ತೆ, ಆ ಪಾತ್ರೆ ಸಿಕ್ತು."

ಅತ್ತೆ ಟೀವಿಯಿಂದ ಕಣ್ಣು ತೆಗೆದರು.

"ಎಲ್ಲಿ?"

"ಡಬ್ಬಗಳ ಹಿಂದೆ."

"ಇಷ್ಟು ವರ್ಷ ಈ ಕರಿಕೋಟಿನವನನ್ನ ನೋಡೀನೂ ಒಂದು ಪಾತ್ರೆ ಬಚ್ಚಿಡೋಕೆ ಬರ್ಲಿಲ್ಲ ನನಗೆ," ಎಂದರು ಅತ್ತೆ. ಆಮೇಲೆ ದನಿ ತಗ್ಗಿಸಿದರು. "ಒಲೆ ಆರಿಸಿದ್ದು ನಾನು. ಸೀದ ವಾಸ್ನೆಗೆ ಒಳಗೆ ಬಂದೆ. ನೀನು ಕಿಟಕೀಲಿ ಬಗ್ಗಿದ್ದೆ, ನಿಂಗೆ ಪ್ರಪಂಚವೇ ಇರ್ಲಿಲ್ಲ. ನಿನ್ನ ಬೆನ್ನ ಹಿಂದೆ ಆರಿಸ್ದೆ."

ಟಕ್ ಎಂಬ ಆ ಸದ್ದು ನಾನು ಕೇಳಿದ್ದು ನಿಜ. ಕೈ ಮಾತ್ರ ನನ್ನದಾಗಿರಲಿಲ್ಲ.

"ಗೊತ್ತಿದ್ದೂ ಯಾಕೆ ಹಾಗೆ ಹೇಳಿಸಿದ್ರಿ?"

"ಆ ಟೈಲರ್ ಹುಡುಗಿ ಮುಖ ನೋಡಿದೆ ಕಣೇ," ಎಂದರು ಅತ್ತೆ. "ನೋಡಬಾರದಿತ್ತು."

ಕೊನೆಯ ಜಾಹೀರಾತು ಬಂತು. ಯಾರೂ ಕೊಲೆಗಾರನ ಹೆಸರು ಹೇಳಲಿಲ್ಲ. ಆಗ ಬಾಗಿಲು ತಟ್ಟಿದ ಸದ್ದಾಯಿತು. ಟೈಲರ್ ಒಳಗೆ ಬಂದಳು, ಕೂರಲಿಲ್ಲ. ಗುಂಡಿಗಳ ಡಬ್ಬಿಗೆ ಬಂದಿದ್ದಾಳೆಂದುಕೊಂಡು ನಾನು ಅದನ್ನು ಎತ್ತಿ ಚಾಚಿದೆ. ಅವಳು ತೆಗೆದುಕೊಳ್ಳಲಿಲ್ಲ.

"ನೀವು ಹಸಿರು ಅಂದ್ರಲ್ಲಕ್ಕ ಆವತ್ತು," ಎಂದಳು. "ನಾನು ಅಲ್ಲಿಗೇ ಬಿಟ್ಟೆ. ನಮ್ಮನೆಯವರನ್ನ ನಾನು ಕೇಳಿಯೇ ಇರ್ಲಿಲ್ಲ. ಅಕ್ಕ ನೋಡಿದ್ದಾರಲ್ಲ, ಇನ್ನೇನು ಕೇಳೋದು ಅಂತ. ಈಗ ಕೇಳ್ದೆ."

"ಏನಂದ?" ಎಂದರು ಅತ್ತೆ.

"ಏನೂ ಅನ್ಲಿಲ್ಲ ಅಮ್ಮ. ಊಟ ಮಾಡ್ತಿದ್ರು. ಎದ್ದು ಕೈ ತೊಳ್ಕೊಂಡ್ರು."

ಟೀವಿಯಲ್ಲಿ ಕರಿಕೋಟಿನವನು ಕನ್ನಡಕ ತೆಗೆದು ಕೈಯಲ್ಲಿ ಹಿಡಿದ. ಕೆಳಗೆ ಬಾಗಿಲು ತೆರೆದ ಸದ್ದಾಯಿತು. ಮೆಟ್ಟಿಲ ಮೇಲೆ ಹೆಜ್ಜೆಗಳು ಬಂದವು, ನಡುವೆ ನಿಂತವು, ಮತ್ತೆ ಬಂದವು. ನಾವು ನಾಲ್ವರೂ ಟೀವಿಗೆ ಬೆನ್ನು ಹಾಕಿ ಬಾಗಿಲನ್ನೇ ನೋಡುತ್ತಿದ್ದೆವು.

ಡ್ರೈವರ್ ಹೊಸ್ತಿಲಲ್ಲಿ ನಿಂತ. ಕೈ ಇನ್ನೂ ಒದ್ದೆಯಾಗಿತ್ತು. ಅತ್ತೆ ರಿಮೋಟ್ ತಡಕಿ ಟೀವಿ ಆರಿಸಿದರು, ಕಾಲಿನಿಂದ ಸ್ಟೂಲನ್ನು ಅವನತ್ತ ತಳ್ಳಿದರು.

"ಬಾಪ್ಪಾ. ಕೂತ್ಕೋ."

"ಬೇಡಮ್ಮ, ನಿಂತೇ ಹೇಳ್ತೀನಿ," ಎಂದ ಅವನು, ಕೈಗಳನ್ನು ಅಂಗಿಗೆ ಒರೆಸಿಕೊಳ್ಳುತ್ತಾ. ಹೆಂಡತಿಯ ಕಡೆ ನೋಡಲಿಲ್ಲ, ನನ್ನ ಕಡೆಯೂ ಇಲ್ಲ. "ಆ ಮುದುಕರು ಹೇಳಿದ್ದು ನಿಜ. ನನಗಿನ್ನೂ ಕೆಂಪೇ ಇತ್ತು."