ಏರಿಯ ಮೇಲೆ ಸೈಕಲ್ ಗಂಟೆ

ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ನನ್ನ ಹೆಂಡತಿ ದೇವೀರಮ್ಮ ಹೇಳುತ್ತಾಳೆ. ಸುಳ್ಳೇನಲ್ಲ. ಆ ಕೋಪದ ಕೈಯಲ್ಲಿ ಸಿಕ್ಕಿ ಒಂದು ಸಲ ನನ್ನ ಜೀವಕ್ಕೆ ನಾನೇ ಕುತ್ತು ತಂದುಕೊಂಡಿದ್ದೆ.

ನಾನು ಹೊನ್ನಯ್ಯ, ಕೊಳ್ಳೇಗಾಲದಲ್ಲಿ ರೇಷ್ಮೆ ಸೀರೆ ನೇಯುವವನು. ಸೋಮವಾರ ಸೋಮವಾರ ಸೈಕಲ್ ಹತ್ತಿ ಕಾಮಗೆರೆಗೆ ಹೋಗಿ ನೂಲು ತರುತ್ತಿದ್ದೆ. ರಸ್ತೆ ಹಿಡಿದರೆ ಸುತ್ತು, ಕೆರೆ ಏರಿ ಹಿಡಿದರೆ ಹತ್ತಿರ. ಏರಿಯೋ, ಎರಡು ಎತ್ತು ಜೊತೆಯಾಗಿ ನಡೆಯಲಾರದಷ್ಟು ಕಿರಿದು. ಒಂದು ಕಡೆ ನೀರು, ಇನ್ನೊಂದು ಕಡೆ ಕೆಳಗೆ ಹೊಲ. ನನ್ನ ಸೈಕಲ್ಲಿಗೆ ದೊಡ್ಡದೊಂದು ಹಿತ್ತಾಳೆ ಗಂಟೆ ಹಾಕಿಸಿದ್ದೆ. ಎದುರಿಗೆ ಯಾರೇ ಬರಲಿ, ದೂರದಿಂದಲೇ ಗಂಟೆ ಬಾರಿಸಿ ತಿಳಿಸುವುದು ಮರ್ಯಾದೆ ಎಂದು ನನ್ನ ಲೆಕ್ಕ.

ಆ ಸೋಮವಾರ ಬೆಳಿಗ್ಗೆ ಎದುರಿಗೆ ಬಂದವರು ಚನ್ನಾಜಮ್ಮ. ಐವತ್ತು ದಾಟಿದ ಹೆಂಗಸು, ಸ್ವಂತ ಹೊಲ ತಾವೇ ನಿಂತು ಮಾಡಿಸುತ್ತಿದ್ದವರು. ಕೈಯಲ್ಲಿ ಹಗ್ಗ, ಹಗ್ಗದ ತುದಿಯಲ್ಲಿ ಕೆಂಚ ಎಂಬ ಕೆಂಪು ನಾಯಿ. ನಾನು ಗಂಟೆ ಬಾರಿಸಿದೆ. ಆಕೆ ತೋಳೆತ್ತಿ ಜೋರಾಗಿ ಬೀಸಿದರು. ನನಗೆ ರೇಗಿತು. ಹಿಂದಕ್ಕೆ ಹೋಗು ಅಂತಾರಲ್ಲ, ಏರಿಯೇನು ಇವರಪ್ಪನದಾ? ಮತ್ತೂ ಜೋರಾಗಿ ಬಾರಿಸಿದೆ, ಬಾರಿಸುತ್ತಲೇ ಹೋದೆ. ನಾಯಿ ಹಗ್ಗ ಕಿತ್ತುಕೊಂಡು ಬಂದು ನನ್ನ ಮೀನಖಂಡಕ್ಕೆ ಬಾಯಿ ಹಾಕಿತು. ಸೈಕಲ್ಲು ಒಂದು ಕಡೆ, ನಾನು ಒಂದು ಕಡೆ.

"ಅಯ್ಯೋ ನಿನ್ ಮನೆ ಕಾಯ್ವಾಗ! ಬಡೀಬ್ಯಾಡ ಅಂತ ಕೈ ಬೀಸ್ತಾವ್ನಿ, ಮತ್ತೂ ಬಡೀತೀಯಲ್ಲಪ್ಪಾ!" ಆಕೆ ನಾಯಿಯನ್ನು ಎಳೆದು ಹಿಡಿದು ಕೂಗಿದರು.

"ಗಂಟೆ ಬಾರಿಸ್ದೆ ಮೈಮೇಲೆ ಬರ್ಬೇಕಿತ್ತಾ? ಇಡ್ಕಳಕ್ಕಾಗ್ದಿದ್ರೆ ಏರಿ ಮೇಲೆ ನಾಯಿ ಯಾಕೆ ತರ್ತೀರಿ?"

"ಇದು ಹೊಲಕ್ಕೆ ನುಗ್ಗೋ ಕಾಡಂದಿ ಓಡ್ಸೋ ನಾಯಿ ಕಣಯ್ಯಾ. ನಮ್ ಕಡೆ ರಾತ್ರಿ ಕೂತು ಹೊಲ ಕಾಯೋ ಅಟ್ಟಣೆಗೆಲ್ಲಾ ಗಂಟೆ ಕಟ್ಟಿರ್ತೀವಿ. ಹಂದಿ ಬಂದಾಗ ಗಂಟೆ ಬಡುದ್ರೆ ಓಡೋಗಿ ಕಚ್ಚಬೇಕು, ಅಂಗೇ ಕಲ್ಸಿವ್ನಿ. ಅದು ಅಟ್ಟಣೆ ಗಂಟೆ, ಇದು ಸೈಕಲ್ ಗಂಟೆ ಅಂತ ಅದಕ್ಕೇನ್ ಗೊತ್ತು?"

ಕಾಲಿನಿಂದ ರಕ್ತ ಸುರಿಯುತ್ತಿತ್ತು, ಅದಕ್ಕಿಂತ ಬಿಸಿಯಾಗಿ ತಲೆ ಕಾದಿತ್ತು. ಅಷ್ಟರಲ್ಲಿ ಕಾಮಗೆರೆಯ ಯಜಮಾನ ಸಿದ್ದಮಲ್ಲಪ್ಪ ನಾಲ್ಕು ಜನರೊಂದಿಗೆ ಬಂದರು. ಈ ನಾಯಿಯನ್ನು ಇವತ್ತೇ ಹೊಡೆದು ಹಾಕದಿದ್ದರೆ ಪೊಲೀಸಿಗೆ ಹೋಗುತ್ತೇನೆ ಎಂದು ಕೂಗಾಡಿದೆ. ಅವರು ಗಡ್ಡ ಕೆರೆದುಕೊಂಡರು.

"ಮೊನ್ನೆ ಊರಾಚೆ ಒಂದು ಉಚ್ಚು ನಾಯಿ ಓಡಾಡ್ತಿತ್ತು. ಇದ್ಕೂ ಅದು ಬಾಯಿ ಆಕಿದ್ದದೋ ಏನೋ. ನೀನೋಗಿ ಮದ್ದು ಆಕಿಸ್ಕಳಪ್ಪಾ. ಮಧ್ಯಾನ್ಕೆ ಇದ್ನ ಮುಗ್ಸಾಕ್ತೀವಿ."

ಚನ್ನಾಜಮ್ಮ ನಾಯಿಯನ್ನು ಎಳೆದು ಸೀರೆಗೆ ಒತ್ತಿಕೊಂಡರು. ಅವರ ಮುಖ ಸಪ್ಪಗಾದದ್ದು ನೋಡಿ ನನಗೆ ಖುಷಿಯೇ ಆಯಿತು, ಪಾಪಿ ನಾನು.

ಕೊಳ್ಳೇಗಾಲದ ಡಾಕ್ಟರು ಕೊಯಮತ್ತೂರು ಕಡೆಯವರು. ಗಾಯಕ್ಕೆ ಸೋಪು ಹಾಕಿ ತೊಳೆಯುತ್ತ ನಾಯಿ ಎಲ್ಲಿದೆ ಎಂದು ಕೇಳಿದರು. ಮಧ್ಯಾಹ್ನದೊಳಗೆ ಹೊಡೆದು ಹಾಕುತ್ತಾರೆ ಸಾ ಎಂದು ಜಂಬದಿಂದಲೇ ಹೇಳಿದೆ. ಅವರ ಕೈ ನಿಂತಿತು, ತಮಿಳಿನಲ್ಲಿ ದೇವರನ್ನು ಕರೆದರು.

"ಕಡವುಳೇ! ಬುದ್ಧಿ ಇದೆಯೇನಯ್ಯಾ ನಿನಗೆ? ಆ ನಾಯಿ ಹತ್ತು ದಿನ ಬದುಕಿದ್ದರೆ ನೀನೂ ಬದುಕುತ್ತೀಯ. ಅದಕ್ಕೆ ಹುಚ್ಚಿದ್ದರೆ ಅಷ್ಟರಲ್ಲಿ ತಾನೇ ಗೊತ್ತಾಗುತ್ತೆ. ಸತ್ತ ನಾಯಿಯನ್ನು ನೋಡಿ ನಾನು ಏನು ಹೇಳಲಿ? ಕೂನೂರಿನಿಂದ ಬರೋ ನಾಯಿ ಕಡಿತದ ಮದ್ದು ಮುಗಿದಿದೆ. ಇವತ್ತು ಬರೆದರೂ ಬರೋದು ಯಾವಾಗಲೋ. ಬಂದ ಮೇಲೂ ಹೊಟ್ಟೆಗೆ ದಿನಾ ಒಂದು ಸೂಜಿ, ಹದಿನಾಲ್ಕು ದಿನ. ಓಡು, ನಾಯಿಯನ್ನು ಉಳಿಸಿಕೋ!"

ನನ್ನ ದೊಡ್ಡಪ್ಪ ಹುಚ್ಚು ನಾಯಿ ಕಚ್ಚಿ ಸತ್ತದ್ದನ್ನು ನಾನು ಕಣ್ಣಾರೆ ಕಂಡಿದ್ದೆ. ಕೊನೆಗೆ ಲೋಟದಲ್ಲಿ ನೀರು ಕಂಡರೂ ಕಿರುಚುತ್ತಿದ್ದ. ಬಾಯಾರಿಕೆ, ಆದರೆ ನೀರು ಬೇಡ. ಆ ಕಿರುಚಾಟ ಕಾಮಗೆರೆಯವರೆಗಿನ ಏಳು ಮೈಲಿಯುದ್ದಕ್ಕೂ ನನ್ನ ಕಿವಿಯಲ್ಲಿತ್ತು. ಪೆಡಲ್ ತುಳಿದಷ್ಟೂ ಕಾಲಿಗೆ ಕಟ್ಟಿದ ಪಟ್ಟಿ ರಕ್ತಕ್ಕೆ ಒದ್ದೆಯಾಯಿತು. ಬಿಸಿಲು ನೆತ್ತಿಗೆ ಬರುತ್ತಿತ್ತು.

ಚನ್ನಾಜಮ್ಮನ ಅಂಗಳದಲ್ಲಿ ಐದಾರು ಜನ ದೊಣ್ಣೆ ಹಿಡಿದು ನಿಂತಿದ್ದರು. ಹುಣಸೆ ಮರಕ್ಕೆ ನಾಯಿ ಕಟ್ಟಿತ್ತು. ಅದರ ಕತ್ತು ತಬ್ಬಿಕೊಂಡು ಆಕೆ ನೆಲದ ಮೇಲೆ ಕೂತಿದ್ದರು. ಅವರನ್ನು ಎಳೆಯಲು ಒಬ್ಬ ಕೈ ಹಾಕಿದ್ದ. ನಾನು ಸೈಕಲ್ ಬಿಸಾಡಿ ನಡುವೆ ನುಗ್ಗಿದೆ.

"ಒಡೀಬ್ಯಾಡಿ! ಇದು ಸತ್ರೆ ನಾನೂ ಸತ್ತಂಗೇ!"

ಸಿದ್ದಮಲ್ಲಪ್ಪನವರಿಗೆ ಸಿಟ್ಟು ಬಂತು. "ಏನಯ್ಯಾ ನಿನ್ನ ಆಟ? ಬೆಳಗ್ಗೆ ಒಡೀರಿ ಅಂದೋನೂ ನೀನೇ, ಈಗ ಬ್ಯಾಡ ಅನ್ನೋನೂ ನೀನೇ. ಊರಲ್ಲಿ ಇನ್ಯಾರಿಗಾರ ಕಚ್ಚುದ್ರೆ?"

ಅವರ ಕಾಲು ಹಿಡಿದೆ. ಜನ್ಮದಲ್ಲಿ ಯಾರ ಕಾಲೂ ಹಿಡಿದವನಲ್ಲ. ಕೊನೆಗೆ ಮಾತಾಯಿತು: ಹತ್ತು ದಿನ ನಾಯಿ ಕಟ್ಟಿದಲ್ಲೇ ಇರಬೇಕು. ಕೂಳು ಬಿಟ್ಟರೆ, ಜೊಲ್ಲು ಸುರಿಸಿದರೆ, ಕಟ್ಟು ಬಿಚ್ಚಿಕೊಂಡರೆ ಕಂಡ ಕಂಡಲ್ಲಿ ಹೊಡೆಯುವುದು.

ಅಂದಿನಿಂದ ಮಗ್ಗ ಬಿಟ್ಟು ದಿನಾ ಕಾಮಗೆರೆಗೆ ಹೋದೆ. ಏರಿ ಶುರುವಾಗುವಲ್ಲೇ ಇಳಿದು, ಗಂಟೆಗೆ ವಸ್ತ್ರ ಸುತ್ತಿ, ಸೈಕಲ್ ತಳ್ಳಿಕೊಂಡು ನಡೆಯುತ್ತಿದ್ದೆ. ಬೇಲಿಯಾಚೆ ನಿಂತು ಕೆಂಚ ಮುದ್ದೆ ತಿನ್ನುವುದನ್ನು ನೋಡುತ್ತಿದ್ದೆ. ಮನೆಯಲ್ಲಿ ದೇವೀರಮ್ಮ ಬೆಳಗಾದರೆ ಒಂದು ಲೋಟ ನೀರು ನನ್ನ ಮುಂದಿಟ್ಟು, ಕುಡಿಯುವವರೆಗೂ ನನ್ನ ಗಂಟಲನ್ನೇ ನೋಡುತ್ತ ಕೂರುತ್ತಿದ್ದಳು. ಇಳಿಯುತ್ತಿತ್ತು. ಇಳಿಯುವವರೆಗೂ ಇಬ್ಬರಿಗೂ ಉಸಿರಿಲ್ಲ.

ನಾಲ್ಕು ದಿನ ಚನ್ನಾಜಮ್ಮ ನನ್ನ ಮುಖ ನೋಡಲಿಲ್ಲ. ಐದನೆಯ ದಿನ ಒಂದು ಚೊಂಬು ಮಜ್ಜಿಗೆ ತಂದು ಕೊಟ್ಟರು.

"ನನ್ದೂ ತಪ್ಪದೆ ಕಣಪ್ಪಾ. ಕೈ ಬೀಸಿದ್ರೆ ಪ್ಯಾಟೆಯೋರ್ಗೆ ಏನ್ ತಿಳೀತದೆ? ಇನ್ಮ್ಯಾಕೆ ಏರಿ ಮ್ಯಾಲೆ ಸಿಕ್ಕಿದ್ರೆ ನೀನು ಇಳ್ದು ಗಂಟೆ ಮ್ಯಾಲೆ ಅಂಗೈ ಇಡು. ಸದ್ದು ಅಡಗುದ್ರೆ ಇದು ನಿಂತ್ಕತದೆ. ನಾನು ಇದರ ಮೊಕ ನೀರ ಕಡೀಕೆ ತಿರುಗ್ಸಿ ಇಡ್ಕತೀನಿ. ನೀನ್ ದಾಟೋವರ್ಗೂ ಬುಡಾಕಿಲ್ಲ."

"ಆಯ್ತು ಅವ್ವಾ. ಮೊದ್ಲು ಇದು ಉಳೀಲಿ."

"ನೀನೂ ಉಳ್ಕೊ" ಎಂದರು. ನನ್ನ ಕಣ್ಣಲ್ಲಿ ನೀರು ಬಂತು, ಮಜ್ಜಿಗೆ ಖಾರ ಎಂದು ಸುಳ್ಳು ಹೇಳಿದೆ.

ಒಂಬತ್ತನೆಯ ದಿನ ಕೆಂಚ ಅರ್ಧ ಮುದ್ದೆ ಬಿಟ್ಟಿತು. ಸೆಕೆಗೆ ಹಂಗೆ ಎಂದರು ಚನ್ನಾಜಮ್ಮ. ಅವರ ದನಿಯಲ್ಲಿ ನಂಬಿಕೆ ಇರಲಿಲ್ಲ. ಮನೆಗೆ ಬಂದು ನಾನೂ ಅನ್ನ ಬಿಟ್ಟೆ.

ಹತ್ತನೆಯ ದಿನ ಹೋದಾಗ ಹುಣಸೆ ಮರದ ಬುಡದಲ್ಲಿ ತುಂಡಾದ ಹಗ್ಗ ಮಾತ್ರ ಇತ್ತು. ಚನ್ನಾಜಮ್ಮ ಏರಿಯ ಮೇಲೆ ನಿಂತು ಕೂಗುತ್ತಿದ್ದರು, ಗಂಟಲು ಕಟ್ಟಿ ಹೋಗಿತ್ತು.

"ಬೆಳಗಿನ ಮೊಬ್ಬಲ್ಲಿ ಪಕ್ಕದ ಮಹದೇವಯ್ಯನ ಹೊಲಕ್ಕೆ ಹಂದಿ ನುಗ್ಗವೆ. ಅವ್ನು ಅಟ್ಟಣೆ ಗಂಟೆ ಬಡ್ದವ್ನೆ. ಸದ್ದು ಕೇಳಿ ಹಗ್ಗ ಕಿತ್ಕಂಡು ಓಯ್ತಪ್ಪಾ. ಸಿದ್ದಮಲ್ಲಪ್ಪ ಜನಾನ ಕರ್ಕಂಡು ಜೋಳದ ಹೊಲದ ಕಡೆ ಓಗವ್ನೆ. ಕಂಡ್ರೆ ಬುಡಾಕಿಲ್ಲ."

ಕೆಳಗೆ ಆಳೆತ್ತರ ಬೆಳೆದ ಜೋಳ. ದೂರದಲ್ಲಿ ದೊಣ್ಣೆಗಳು ಕಾಣುತ್ತಿದ್ದವು. ನಾಯಿಯನ್ನು ಅವರು ಹೊಡೆದರೆ ಅದಕ್ಕೆ ಹುಚ್ಚಿತ್ತೋ ಇಲ್ಲವೋ ನನಗೆ ಯಾವತ್ತೂ ತಿಳಿಯುವುದಿಲ್ಲ. ನನಗೆ ಹಿಡಿದ ಮೇಲೆಯೇ ತಿಳಿಯಬೇಕು. ಚನ್ನಾಜಮ್ಮ ನನ್ನ ಸೈಕಲ್ಲಿನ ಕಡೆ ನೋಡಿದರು, ಥಟ್ಟನೆ ಮುಖ ತಿರುಗಿಸಿದರು. ನನಗೆ ಅರ್ಥವಾಯಿತು: ಗಂಟೆ ಕೇಳಿದರೆ ಕೆಂಚ ಎಲ್ಲಿದ್ದರೂ ಓಡಿ ಬರುತ್ತದೆ. ವಸ್ತ್ರ ಬಿಚ್ಚಿದೆ.

"ಬ್ಯಾಡ ಕಣ್ ಮಗಾ. ಸೀದಾ ನಿನ್ ಮ್ಯಾಲೇ ಬತ್ತದೆ."

"ಬರ್ಲಿ ಅಂತ್ಲೇ ಅವ್ವಾ."

ಗಂಟೆ ಬಾರಿಸಿದೆ. ಏನೂ ಇಲ್ಲ. ಮತ್ತೆ ಬಾರಿಸಿದೆ, ಹೆಬ್ಬೆರಳು ನೋಯುವಷ್ಟು. ದೊಣ್ಣೆ ಹಿಡಿದವರು ಸದ್ದು ಕೇಳಿ ಇತ್ತ ತಿರುಗಿದರು. ಆಗ ಜೋಳದ ತೆನೆಗಳು ಒಂದು ಕಡೆ ಅಲುಗಾಡಿದವು. ಅಲುಗಾಟ ನೆಟ್ಟಗೆ ನನ್ನ ಕಡೆಗೇ ಬರುತ್ತಿತ್ತು. ಕೆಂಚ ಹೊರಗೆ ಹಾರಿ ಏರಿ ಹತ್ತಿತು. ಬಾಯಿ ತೆರೆದಿತ್ತು, ಹಲ್ಲು ಕಾಣುತ್ತಿತ್ತು, ತುಟಿಯ ಸುತ್ತ ಬೆಳ್ಳಗೆ ಏನೋ ಇತ್ತು. ಓಡಿದ ನೊರೆಯೋ, ಅದೋ, ಯಾರಿಗೆ ಗೊತ್ತು? ನನ್ನ ಹಳೆಯ ಗಾಯ ತಾನಾಗಿ ಉರಿಯಿತು.

"ಅಂಗೈ! ಅಂಗೈ ಇಡು!" ಚನ್ನಾಜಮ್ಮ ಕಿರುಚಿದರು.

ಗಂಟೆಯ ಮೇಲೆ ಅಂಗೈ ಒತ್ತಿ ಕಣ್ಣು ಮುಚ್ಚಿದೆ. ಸದ್ದು ಅಡಗಿತು. ಉಗುರುಗಳು ಮಣ್ಣು ಕೆರೆಯುತ್ತ ಬಂದವು, ನಿಂತವು. ಬಿಸಿ ಉಸಿರು ನನ್ನ ಕಾಲಿನ ಪಟ್ಟಿಗೆ ತಾಗಿತು. ಕಣ್ಣು ತೆರೆದಾಗ ಕೆಂಚ ಪಟ್ಟಿ ಮೂಸುತ್ತಿತ್ತು. ಆಮೇಲೆ ನನ್ನನ್ನು ಬಿಟ್ಟು ಏರಿಯ ಒಳಮೈ ಇಳಿದು ನೀರಿನ ಅಂಚಿಗೆ ಹೋಗಿ ನಿಂತಿತು.

ಸಿದ್ದಮಲ್ಲಪ್ಪ ಏದುಸಿರು ಬಿಡುತ್ತ ಬಂದು ದೊಣ್ಣೆ ಎತ್ತಿದರು. ಚನ್ನಾಜಮ್ಮ ಮುಂದೆ ಬಂದು ಅವರ ರಟ್ಟೆ ಹಿಡಿದು, ನೋಡಿ ಎಂದು ಗದ್ದ ಎತ್ತಿ ತೋರಿಸಿದರು. ನಾವು ಮೂವರೂ ನೋಡಿದೆವು. ನಾಯಿ ನೀರನ್ನೇ ನೋಡುತ್ತಿತ್ತು. ನಾನು ದೊಡ್ಡಪ್ಪನನ್ನು ನೆನೆದೆ, ಆ ಲೋಟವನ್ನು ನೆನೆದೆ.

ಕೆಂಚ ತಲೆ ಬಗ್ಗಿಸಿ ಲೊಚಲೊಚ ಎಂದು ನೀರು ಕುಡಿಯತೊಡಗಿತು. ಕುಡಿಯಿತು, ಕುಡಿಯಿತು, ತಲೆ ಎತ್ತಿ ನಮ್ಮನ್ನು ನೋಡಿ ಮತ್ತೆ ಕುಡಿಯಿತು. ಸಿದ್ದಮಲ್ಲಪ್ಪನವರ ದೊಣ್ಣೆ ಕೆಳಗಿಳಿಯಿತು. ಚನ್ನಾಜಮ್ಮ ಸೆರಗು ಬಾಯಿಗೆ ಒತ್ತಿಕೊಂಡು ಬಿಕ್ಕಿದರು.

ನಾನು ಸೈಕಲ್ಲನ್ನು ಅಲ್ಲೇ ಮಲಗಿಸಿ ಕೆಳಗಿಳಿದೆ. ನಾಯಿಯ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು ಕೆರೆಗೆ ಬೊಗಸೆಯೊಡ್ಡಿ ನಾನೂ ಕುಡಿದೆ.