ಕಾಳು ಹತ್ತದ ನಾಲಿಗೆ

ವೈನನ್ನು ಬಾಟಲಿಗೆ ತುಂಬುವ ದಿನ ಮೊದಲ ಲೋಟ ಗುರುವಿಗೆ ಹೋಗಬೇಕು. ಅವರು ಕುಡಿದು ತಲೆಯಾಡಿಸಿದ ಮೇಲೆಯೇ ನಲ್ಲಿ ತಿರುಗಿಸುವುದು. ಯೋಯಿಚಿಯ ಗುಡ್ಡದಲ್ಲಿ ಈ ನಿಯಮವನ್ನು ಯಾರೂ ಮಾಡಿದ್ದಲ್ಲ, ಯಾರೂ ಮುರಿದದ್ದೂ ಇಲ್ಲ.

ಕಯಾನೊ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ಮುನಕಾತ ಅವರ ಮುಂದೆ ನಿಂತಳು. ಅವರ ಪೀಪಾಯಿಗಳನ್ನು ತೊಳೆಯುತ್ತಲೇ ಕೆಲಸ ಕಲಿತವಳು ಅವಳು. ಏನೂ ಹಾಕಬೇಡ, ಏನೂ ತೆಗೆಯಬೇಡ ಎಂಬುದು ಅವರ ಪಾಠ. ಹಾಗೆಯೇ ಮಾಡಿದ್ದಳು. ಈಸ್ಟ್ ಹಾಕಿರಲಿಲ್ಲ, ಕೆಡದಿರಲೆಂದು ಹಾಕುವ ಗಂಧಕ ಸೋಕಿಸಿರಲಿಲ್ಲ, ಸೋಸಿರಲಿಲ್ಲ. ದ್ರಾಕ್ಷಿ ಅವಳದೇ ತೋಟದ್ದು. ಪ್ರತಿ ಚಳಿಗಾಲಕ್ಕೆ ಮೊದಲು ಬಳ್ಳಿಗಳನ್ನು ತಂತಿಯಿಂದ ಬಿಚ್ಚಿ ನೆಲಕ್ಕೆ ಮಲಗಿಸಿ, ಹಿಮ ಹೊದೆಸಿ, ವಸಂತದಲ್ಲಿ ಎಬ್ಬಿಸಿ ಕಟ್ಟಿ ಬೆಳೆಸಿದ್ದು. ಬಾಟಲಿಯ ಮೇಲೆ ಅವಳ ಹೆಸರು ಬರುತ್ತಿರುವುದು ಇದೇ ಮೊದಲು.

ಮುನಕಾತ ಮೂಸಿದರು, ಬಾಯಲ್ಲಿ ಹೊರಳಿಸಿ ನುಂಗಿದರು.

"ಶುದ್ಧವಾಗಿದೆ. ತುಂಬಮ್ಮ."

ಸಹಾಯಕ್ಕೆ ಬಂದವರು ಅಂಗಿಯ ತೋಳು ಮೇಲಕ್ಕೆ ಮಡಚಿಕೊಂಡರು. ಚೆರಿ ತೋಟದ ಕುದೋ ಅಜ್ಜಿ, ಪಕ್ಕದ ಸೇಬಿನ ತೋಟದ ಹತಾಕೆಯಾಮ ದಂಪತಿ, ಎಲ್ಲರಿಗೂ ಒಂದೊಂದು ಗುಟುಕು ಸಿಕ್ಕಿತು. ಎಲ್ಲರೂ ಚೆನ್ನಾಗಿದೆ ಎಂದರು. ಬಂದರಿನಲ್ಲಿ ಮೀನಿನ ಲಾರಿ ಓಡಿಸುವ ಕಯಾನೊಳ ಗಂಡ ಶೂಗೋ ಅಷ್ಟರಲ್ಲಿ ಅನ್ನದ ಉಂಡೆಗಳ ಡಬ್ಬಿ ಹಿಡಿದು ಬಂದ. ಅವನೂ ಒಂದು ಗುಟುಕು ಕುಡಿದ. ಸ್ವಲ್ಪ ಹೊತ್ತಿಗೆ ಅವನ ಮುಖ ಬದಲಾಯಿತು.

"ಏನ್ರೀ?"

"ಏನಿಲ್ಲ ಕಣೆ. ಇದು... ಕಾಳು ಅಲ್ವಾ?"

ಗಂಧಕವಿಲ್ಲದ ವೈನಿಗೆ ಹಿಡಿಯುವ ರೋಗಕ್ಕೆ ಇಲ್ಲಿನವರು ಇಟ್ಟ ಹೆಸರು ಕಾಳು. ಮೂಸಿದರೆ ತಿಳಿಯುವುದಿಲ್ಲ. ನುಂಗಿದ ಮೇಲೆ ಗಂಟಲಿನಿಂದ ಹಿಂದಕ್ಕೆ ಬರುತ್ತದೆ, ಹಳಸಿದ ಸೋಯಾ ಕಾಳಿನ ಹಾಗೆ. ಕೆಲವು ನಾಲಿಗೆಗೆ ಅದು ಹತ್ತುವುದೇ ಇಲ್ಲ.

"ಬೆಳಿಗ್ಗೆಯಿಂದ ಮೀನು ಹೊತ್ತವನು," ಎಂದು ಮುನಕಾತ ನಕ್ಕರು. "ನಿನ್ನ ಮೂಗಲ್ಲಿ ಇನ್ನೂ ಹೆರಿಂಗ್ ಮೀನು ಈಜ್ತಿದೆಯಪ್ಪ."

"ಇರಬಹುದು ಮೇಷ್ಟ್ರೇ," ಎಂದ ಶೂಗೋ. ಆದರೆ ಲೋಟ ಖಾಲಿ ಮಾಡಲಿಲ್ಲ.

ಕಯಾನೊ ಮತ್ತೆ ಕುಡಿದಳು. ಚೆರಿ, ಒದ್ದೆ ಎಲೆ, ಕೊನೆಗೆ ತುಸು ಒಗರು. ಕಾಳು ಎಲ್ಲಿದೆ? ನೀರು ಮುಕ್ಕಳಿಸಿ ಇನ್ನೊಮ್ಮೆ ಕುಡಿದಳು. ಈಗ ಏನೋ ಇದ್ದಂತಾಯಿತು. ಇತ್ತೋ, ಅವನು ಹೇಳಿದ್ದರಿಂದ ಇದ್ದಂತೆ ಅನ್ನಿಸಿತೋ? ಮೂರನೆಯ ಸಲ ಅದೂ ಇರಲಿಲ್ಲ. ಶೂಗೋ ಸುಳ್ಳು ಹೇಳುವವನಲ್ಲ. ಮೇಷ್ಟ್ರು ತಪ್ಪುವವರಲ್ಲ. ಹಾಗಾದರೆ ಲೋಟದಲ್ಲಿ ಇರುವುದೇನು?

ರೋಗ ಇದ್ದೂ ತುಂಬಿದರೆ, ಬಾಟಲಿ ತೆರೆದ ಕಡೆಯೆಲ್ಲ ಅವಳ ಹೆಸರು ಕೆಡುತ್ತದೆ. ತುಂಬದಿದ್ದರೆ ಪೀಪಾಯಿ ಖಾಲಿಯಾಗುವುದಿಲ್ಲ. ಬರುವ ಶರತ್ಕಾಲದ ದ್ರಾಕ್ಷಿಗೆ ಜಾಗವಿಲ್ಲದೆ ಅದನ್ನು ವೈನ್ ಕಾರ್ಖಾನೆಗೆ ಕೊಡಬೇಕು, ಅಲ್ಲಿ ಹತ್ತು ಜನರ ಹಣ್ಣಿನ ಜೊತೆ ಅದೂ ಕಲೆತುಹೋಗುತ್ತದೆ.

"ಅಜ್ಜಿ, ನಿಮಗೇನನ್ನಿಸ್ತು? ನಿಜ ಹೇಳಿ."

"ಮೇಷ್ಟ್ರು ಹೇಳಿದ್ರಲ್ಲ ತಾಯಿ."

"ಅಕ್ಕಾ, ನಿಮಗೆ?"

ಹತಾಕೆಯಾಮನ ಹೆಂಡತಿ ತನ್ನ ರಬ್ಬರ್ ಬೂಟು ನೋಡಿಕೊಂಡಳು. "ಮೇಷ್ಟ್ರು ಹೇಳಿದ ಮೇಲೆ..."

ಕಯಾನೊಗೆ ತಲೆ ಕೆಟ್ಟಿತು. ಪ್ರಾಥಮಿಕ ಶಾಲೆಯಲ್ಲಿ ಕಿಟಕಿಯ ಗಾಜು ಒಡೆದಾಗ, ಒಡೆದವರು ಯಾರೆಂದು ತಿಳಿಯಲು ಟೀಚರು ಮಾಡಿಸುತ್ತಿದ್ದ ಕೆಲಸವನ್ನು ಅವಳು ಈ ದೊಡ್ಡವರಿಂದ ಮಾಡಿಸಿದಳು.

"ಎಲ್ಲರೂ ಕಣ್ಣು ಮುಚ್ಚಿ. ತಲೆ ತಗ್ಗಿಸಿ. ಇನ್ನೊಂದು ಗುಟುಕು ಕುಡಿದು, ಕಾಳು ಅನ್ನಿಸಿದವರು ಕೈ ಎತ್ತಿ. ಯಾರು ಅಂತ ನಾನು ಯಾರಿಗೂ ಹೇಳಲ್ಲ."

"ಇದೇನು ಹುಡುಗಾಟ ಮಗಳೇ?" ಎಂದು ಹತಾಕೆಯಾಮ ಗೊಣಗಿದ. ಆದರೂ ಕಣ್ಣು ಮುಚ್ಚಿದ.

ಎಲ್ಲರೂ ನುಂಗಿದರು. ಶೂಗೋನ ಕೈ ಮೇಲೆ ಹೋಯಿತು. ಹತಾಕೆಯಾಮನ ಹೆಂಡತಿಯ ಕೈ ಹೋಯಿತು. ಅವಳ ಗಂಡನ ಕೈ ಕಿವಿಯವರೆಗೆ ಹೋಗಿ ಅಲ್ಲೇ ಕೆರೆದುಕೊಳ್ಳುವಂತೆ ನಿಂತಿತು. ಕುದೋ ಅಜ್ಜಿ ನಿಧಾನವಾಗಿ, ಆದರೆ ಪೂರ್ತಿ ಎತ್ತಿದಳು.

ಮುನಕಾತ ಅವರ ಕೈ ಕೆಳಗೇ ಇತ್ತು. ಕಣ್ಣು ತೆರೆದಿತ್ತು. ಅವರು ಅಜ್ಜಿಯ ಕೈಯನ್ನೇ ನೋಡುತ್ತಿದ್ದರು. ಅವರ ಮನೆಯ ಬಾಟಲಿ ತುಂಬಲು ಬರುವುದನ್ನು ಆ ಅಜ್ಜಿ ಒಂದು ವಸಂತವೂ ತಪ್ಪಿಸಿರಲಿಲ್ಲ.

"ಕುದೋಮ್ಮ," ಎಂದರು. "ನಮ್ಮ ವೈನಲ್ಲೂ ಬಂದಿತ್ತಾ?"

ಅಜ್ಜಿ ಕಣ್ಣು ಬಿಡಲಿಲ್ಲ. "ಕೆಲವು ವರ್ಷ."

"ಮತ್ತೆ ಹೇಳೋದಲ್ವಾ?"

"ಅದು ನಿಮ್ಮ ವಿಶೇಷ ಅಂದ್ಕೊಂಡಿದ್ದೆ."

ಹತಾಕೆಯಾಮ ಕೆಮ್ಮಿ ನಗು ನುಂಗಿದ. ಬೇರೆ ಯಾರೂ ನಗಲಿಲ್ಲ.

ಮುನಕಾತ ಕಯಾನೊ ಕಡೆ ತಿರುಗಿದರು. "ನಿನಗೆ ಬಂತಾ?"

"ಇಲ್ಲ ಮೇಷ್ಟ್ರೇ. ಎಷ್ಟು ಕುಡಿದರೂ ಬರ್ತಿಲ್ಲ."

ಅವರು ತಲೆಯಾಡಿಸಿದರು. ಒಪ್ಪಿಗೆಯೋ ಬೇಸರವೋ ಅವಳಿಗೆ ತಿಳಿಯಲಿಲ್ಲ. ತನ್ನ ನಾಲಿಗೆ ಹುಟ್ಟಿನಿಂದಲೇ ಹೀಗಿತ್ತೋ, ಅವರ ನೆಲಮಾಳಿಗೆಯಲ್ಲಿ ಹೀಗಾಯಿತೋ, ಅದೂ ತಿಳಿಯಲಿಲ್ಲ. ತಿಳಿದದ್ದು ಒಂದೇ, ತನ್ನ ಬಾಯನ್ನು ನಂಬಿ ಈ ನಲ್ಲಿ ತಿರುಗಿಸಲು ಆಗುವುದಿಲ್ಲ.

"ಇವತ್ತು ತುಂಬೋದು ಬೇಡ," ಎಂದು ಪೀಪಾಯಿಗೆ ಹಾಕಿದ್ದ ಕೊಳವೆ ಕಿತ್ತಳು. "ಇನ್ನೂ ಸ್ವಲ್ಪ ಕಾಲ ಇಟ್ಟರೆ ಕಾಳು ಹೋಗುತ್ತೆ ಅಂತಾರೆ. ಹೋಯಿತೋ ಇಲ್ಲವೋ, ನೀವು ನಾಲ್ಕು ಜನ ಹೇಳಬೇಕು. ದ್ರಾಕ್ಷಿ ಈ ವರ್ಷ ಕಾರ್ಖಾನೆಗೆ ಹೋಗಲಿ."

"ಊಟಕ್ಕೆ ಬಂದಂಗಾಯ್ತು," ಎಂದು ಹತಾಕೆಯಾಮ ಡಬ್ಬಿಯ ಮುಚ್ಚಳ ತೆಗೆದ.

ಮುನಕಾತ ಖಾಲಿ ಕ್ರೇಟನ್ನು ಬೋರಲು ಹಾಕಿ ಕುಳಿತರು. ಶೂಗೋನನ್ನು ಹತ್ತಿರ ಕರೆದರು.

"ಹೇಳಪ್ಪ, ಅದು ಹೇಗಿರುತ್ತೆ?"

ಶೂಗೋ ಹೆಂಡತಿಯ ಮುಖ ನೋಡಿದ. "ಹೇಗೆ ಹೇಳ್ಲಿ ಮೇಷ್ಟ್ರೇ... ಇಲಿ ಸಾಕಿದ ಪಂಜರ ಇರುತ್ತಲ್ಲ, ಅದರಲ್ಲಿ ಯಾರೋ ಬಿಸ್ಕತ್ತು ನೆನೆಸಿಟ್ಟಂಗೆ."

"ಯಾವಾಗ ಬರುತ್ತೆ?"

"ನುಂಗಿದ ತಕ್ಷಣ ಅಲ್ಲ. ಬಾಯಿ ಮುಚ್ಕೊಂಡು ಕಾಯ್ಬೇಕು."

ಗುರು ಶಿಷ್ಯೆ ಇಬ್ಬರೂ ಒಂದೊಂದು ಗುಟುಕು ಕುಡಿದು, ನುಂಗಿ, ಬಾಯಿ ಮುಚ್ಚಿಕೊಂಡು ಅವನ ಮುಖ ನೋಡುತ್ತ ಕಾದರು.

"ಈಗ ಬರುತ್ತೆ," ಎಂದ ಶೂಗೋ. "ಬಂತಾ?"